ಓದುವಾಗ ಗೊತ್ತು, ಬರೆಯುವಾಗ ಮರೆವು

ಪ್ರಶ್ನೆ: ಸೆಮಿಸ್ಟರ್ ಪರೀಕ್ಷೆಗೆ ಮೂರು ವಾರ ಉಳಿದಿದೆ. ಪ್ರತಿ ಅಧ್ಯಾಯವನ್ನೂ ಮೂರು ನಾಲ್ಕು ಸಲ ಓದುತ್ತೇನೆ, ಮುಖ್ಯ ಸಾಲುಗಳಿಗೆ ಹೈಲೈಟರ್ ಹಚ್ಚುತ್ತೇನೆ. ಓದುವಾಗ ಎಲ್ಲವೂ ಗೊತ್ತಿದೆ ಅನಿಸುತ್ತದೆ, ಬರೆಯಲು ಕೂತರೆ ಏನೂ ಹೊಳೆಯುವುದಿಲ್ಲ. ನನಗೆ ನೆನಪಿನ ಶಕ್ತಿ ಕಡಿಮೆಯೇ?

ಉತ್ತರ: ನಿಮ್ಮ ನೆನಪಿನ ಶಕ್ತಿ ಸರಿಯಾಗಿಯೇ ಇದೆ, ಬದಲಾಗಬೇಕಾದ್ದು ಓದುವ ಕ್ರಮ. ಕಂಡದ್ದನ್ನು ಗುರುತು ಹಿಡಿಯುವುದು ಬೇರೆ, ಕಾಣದ್ದನ್ನು ನೆನಪಿನಿಂದ ತೆಗೆಯುವುದು ಬೇರೆ. ಮತ್ತೆ ಮತ್ತೆ ಓದಿದಾಗ ಮೊದಲನೆಯದು ಬೆಳೆಯುತ್ತದೆ, ಪರೀಕ್ಷೆ ಕೇಳುವುದು ಎರಡನೆಯದನ್ನು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದು ಗುಂಪು ನಾಲ್ಕು ಅವಧಿಯೂ ಪಾಠ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಾದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಓದಿದವರಿಗೆ ಸುಮಾರು ಶೇ 40ರಷ್ಟು ನೆನಪಿತ್ತು, ಬರೆದವರಿಗೆ ಸುಮಾರು ಶೇ 61ರಷ್ಟು. ರಾತ್ರಿ ಓದಿ ಮಲಗುವಾಗ 'ಎಲ್ಲ ಬಂತು' ಅನಿಸುವುದನ್ನು ನಂಬಬೇಡಿ ಎನ್ನುವುದು ಇದಕ್ಕೇ.

ನಾಳೆಯಿಂದ ಹೀಗೆ ಮಾಡಿ. ಇಪ್ಪತ್ತು ನಿಮಿಷ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಹತ್ತು ನಿಮಿಷ ನೆನಪಾದದ್ದೆಲ್ಲ ಬರೆಯಿರಿ. ತಡವರಿಸಿದರೂ ಪುಸ್ತಕ ತೆರೆಯಬೇಡಿ. ಆ ತಡಕಾಟದಲ್ಲೇ ನೆನಪು ಗಟ್ಟಿಯಾಗುತ್ತದೆ. ಆಮೇಲೆ ಪುಸ್ತಕ ತೆರೆದು, ಬಿಟ್ಟದ್ದನ್ನೂ ತಪ್ಪಿದ್ದನ್ನೂ ಕೆಂಪು ಶಾಯಿಯಲ್ಲಿ ಸೇರಿಸಿ. ಉದಾಹರಣೆಗೆ, ಕೋಶ ವಿಭಜನೆ ಓದಿದ್ದೀರಿ ಎನ್ನೋಣ. ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೋಫೇಸ್ ಎಂದು ಹಂತಗಳ ಹೆಸರುಗಳು ಸರಾಗವಾಗಿ ಬರುತ್ತವೆ. ಆದರೆ ಮಿಯಾಸಿಸ್‌ನ (ಅಂಡಾಣು, ವೀರ್ಯಾಣುಗಳು ಹುಟ್ಟುವ ಕೋಶ ವಿಭಜನೆಯ) ಮೊದಲ ಅನಾಫೇಸ್‌ನಲ್ಲಿ ಬೇರೆಯಾಗುವುದು ಜೋಡಿ ಕ್ರೋಮೋಸೋಮುಗಳೋ, ಒಂದೇ ಕ್ರೋಮೋಸೋಮಿನ ಎರಡು ಕ್ರೊಮ್ಯಾಟಿಡ್‌ಗಳೋ ಎಂಬಲ್ಲಿ ಪೆನ್ನು ನಿಲ್ಲುತ್ತದೆ. (ಜೋಡಿ ಕ್ರೋಮೋಸೋಮುಗಳು; ಕ್ರೊಮ್ಯಾಟಿಡ್‌ಗಳ ಸರದಿ ಎರಡನೇ ಅನಾಫೇಸ್‌ನಲ್ಲಿ.) ಹೈಲೈಟರ್ ಹಚ್ಚಿದ ಪುಟದಲ್ಲಿ ಈ ಗೊಂದಲ ಎಂದೂ ಬಯಲಾಗುವುದಿಲ್ಲ. ಮುಂದಿನ ಸಲ ಇಡೀ ಅಧ್ಯಾಯ ಓದುವುದು ಬೇಡ, ಕೆಂಪು ಶಾಯಿಯ ಭಾಗದಿಂದ ಶುರು ಮಾಡಿ.

ಅದೇ ಅಧ್ಯಾಯವನ್ನು ಮರುದಿನ, ನಾಲ್ಕನೇ ದಿನ, ಮತ್ತೆ ಹತ್ತು ಹನ್ನೊಂದನೇ ದಿನದ ಹೊತ್ತಿಗೆ ಹೀಗೆಯೇ ಬರೆದು ನೋಡಿ. ಒಂದೇ ದಿನ ನಾಲ್ಕು ಸಲ ಮಾಡಿದರೆ ಇಷ್ಟು ಫಲವಿಲ್ಲ. ಸ್ವಲ್ಪ ಮರೆತ ಮೇಲೆ ನೆನಪಿಸಿಕೊಂಡದ್ದೇ ಹೆಚ್ಚು ಕಾಲ ಉಳಿಯುತ್ತದೆ.

ಪ್ರಶ್ನೆ: ಗಣಿತದಲ್ಲಿ ಬಿಡಿಸಿದ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಹೊಸ ಲೆಕ್ಕಕ್ಕೆ ಎಲ್ಲಿಂದ ಶುರು ಮಾಡುವುದು ತಿಳಿಯುವುದಿಲ್ಲ.

ಉತ್ತರ: ಒಂದೇ ಬಗೆಯ ಇಪ್ಪತ್ತು ಲೆಕ್ಕಗಳನ್ನು ಸಾಲಾಗಿ ಮಾಡುತ್ತಿದ್ದರೆ, ಯಾವ ವಿಧಾನ ಬಳಸಬೇಕೆಂದು ಅಧ್ಯಾಯದ ಹೆಸರೇ ಹೇಳಿಬಿಡುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಆ ಹೆಸರು ಇರುವುದಿಲ್ಲ. ಮೂರು ಅಧ್ಯಾಯಗಳ ಲೆಕ್ಕಗಳನ್ನು ಚೀಟಿಯಲ್ಲಿ ಬರೆದು ಕಲಸಿ, ಒಂದೊಂದೇ ಎತ್ತಿ. ಬಿಡಿಸುವ ಮೊದಲು 'ಇದಕ್ಕೆ ಈ ವಿಧಾನ, ಯಾಕೆಂದರೆ...' ಎಂದು ಒಂದು ಸಾಲು ಬರೆಯಿರಿ. ಮೊದಮೊದಲು ತಪ್ಪು ಹೆಚ್ಚಾಗುತ್ತದೆ, ಹೆದರಬೇಡಿ.

ಪ್ರಶ್ನೆ: ಕೊನೆಯ ವಾರ ನಾಲ್ಕೇ ಗಂಟೆ ನಿದ್ದೆ, ಕಾಫಿಯ ಮೇಲೆಯೇ ದಿನ ಸಾಗುತ್ತದೆ. ವ್ಯಾಯಾಮ ನಿಲ್ಲಿಸಿದ್ದೇನೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ದಯವಿಟ್ಟು ನಿದ್ದೆಯನ್ನು ಮಾತ್ರ ಕಡಿಯಬೇಡಿ. ಹಗಲು ಓದಿದ್ದನ್ನು ಮಿದುಳು ಭದ್ರಪಡಿಸುವ ಕೆಲಸದ ದೊಡ್ಡ ಪಾಲು ನಿದ್ದೆಯಲ್ಲೇ ನಡೆಯುತ್ತದೆ. ನಿಮ್ಮ ವಯಸ್ಸಿಗೆ ಏಳು ಗಂಟೆಯಾದರೂ ಬೇಕು. ಕಾಫಿಯಲ್ಲಿರುವ ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಹಿಡಿಯುತ್ತದೆ. ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧ ಪಾಲು ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಬಿಡುವಿನಲ್ಲಿ ಮೊಬೈಲ್ ಹಿಡಿದರೆ ಹತ್ತು ನಿಮಿಷ ನಲವತ್ತಾಗುತ್ತದೆ, ಅದನ್ನು ಪಕ್ಕದ ಕೋಣೆಯಲ್ಲಿಡಿ.

ವೇಳಾಪಟ್ಟಿಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಓದು ಇಡುವ ಬದಲು ಆರೇಳು ಗಂಟೆ ಇಡಿ, ವಾರಕ್ಕೆ ಒಂದು ಸಂಜೆ ಖಾಲಿ ಬಿಡಿ. ಹಿಂದೆ ಬಿದ್ದ ಪಾಠಕ್ಕೆ ಜಾಗ ಸಿಗುವುದು ಅಲ್ಲಿಯೇ. ಇಷ್ಟಾದರೂ ಎರಡು ವಾರದಿಂದ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನಿಸಿದರಂತೂ ತಡಮಾಡದೆ, ವೈದ್ಯರನ್ನೋ ಕಾಲೇಜಿನ ಆಪ್ತ ಸಮಾಲೋಚಕರನ್ನೋ ಕಾಣಿ. ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ.

ಪ್ರಶ್ನೆ: ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಎಲ್ಲ ಮರೆತುಹೋದರೆ?

ಉತ್ತರ: ಉತ್ತರ ಹೊಳೆಯದ ಪ್ರಶ್ನೆಯ ಮುಂದೆ ಕಾಯುತ್ತ ಕೂರಬೇಡಿ. ನಾಲ್ಕಾರು ಸಲ ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಚೆನ್ನಾಗಿ ಬರುವ ಪ್ರಶ್ನೆಯಿಂದ ಬರೆಯಲು ಶುರು ಮಾಡಿ. ಬಿಟ್ಟ ಉತ್ತರದ ಒಂದೆರಡು ಪದ ನಡುವೆ ಹೊಳೆದರೆ, ಕೊನೆಯ ಪುಟದ ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ. ಮರಳಿ ಬಂದಾಗ ಅಲ್ಲಿಂದಲೇ ಉತ್ತರ ಬೆಳೆಸಬಹುದು.