ಕಾರ್ಪೊರೇಟರ್‌ಗೆ ಫೋನ್ ಮಾಡುವ ಮುಂಚೆ ಚರಂಡಿ ಕಲ್ಲು ಎತ್ತಿಸಿ ನೋಡಿ

ಮೇಡಂ, ನಮ್ಮ ತಾರಸಿ ತೋಟದ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ಪೂರ್ತಿ ಓದಿದೆ. ಗೇಟಿನ ಮುಂದಿನ ಚರಂಡಿ ಕಟ್ಟಿಕೊಂಡಿದೆ. ಪಾರ್ಕಿನ ಮೂಲೆಯಲ್ಲಿ ಒಣ ಎಲೆ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ, ಹೊಗೆಗೆ ತಾರಸಿ ಮೇಲೆ ನಿಲ್ಲುವುದಕ್ಕೆ ಆಗುತ್ತಿಲ್ಲ. ಪಕ್ಕದ ಖಾಲಿ ಸೈಟಿನ ತುಂಬಾ ಕಾಂಗ್ರೆಸ್ ಗಿಡ. ಬೀದಿದೀಪ ಹದಿನೈದು ದಿನದಿಂದ ಇಲ್ಲ. "ನಮ್ಮ ಮೈಸೂರಲ್ಲಿ ಕಾರ್ಪೊರೇಟರ್ ಅನ್ನೋರು ಇದ್ದಾರಾ, ಯಾರನ್ನ ಕೇಳಲಿ" ಎಂದು ಕೇಳಿದ್ದೀರಿ. ಕೆಳಗೆ ಆಗಲೇ ಸುಮಾರು ಜನ ಬೈದು ಹೋಗಿದ್ದಾರೆ. ಬೈಯುವುದರಲ್ಲಿ ನಾನೇನೂ ಹಿಂದೆ ಬಿದ್ದವನಲ್ಲ. ಆದರೆ ನಮ್ಮ ಬಡಾವಣೆ ಸಂಘದ ಕಾಗದ ಪತ್ರವನ್ನು ಕೆಲವು ವರ್ಷ ನಾನೇ ನೋಡಿಕೊಂಡಿದ್ದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಟೊಮೇಟೊ ಎಲೆ ಮುದುಡುತ್ತಿದೆ ಎಂದು ಕೇಳಿದ್ದವರು ಬೇಜಾರು ಮಾಡಿಕೊಳ್ಳಬೇಡಿ, ನಿಮಗೆ ನಾಳೆ.

ಮೊದಲು "ಇದ್ದಾರಾ" ಅನ್ನುವುದಕ್ಕೆ. ಮೈಸೂರು ಪಾಲಿಕೆಯಲ್ಲಿ 65 ವಾರ್ಡ್. 2018ರಲ್ಲಿ ಗೆದ್ದವರ ಅವಧಿ 2023ರ ನವೆಂಬರ್‌ಗೆ ಮುಗಿಯಿತು. ಆಮೇಲೆ ಅಧಿಕಾರ ಆಡಳಿತಾಧಿಕಾರಿ ಕೈಗೆ ಹೋಯಿತು. ಹಾಗಂತ ಮಾಜಿಗಳು ಮನೆಯಲ್ಲಿ ಸುಮ್ನೆ ಕೂತಿಲ್ಲ. ಮತ್ತೆ ನಿಲ್ಲಬೇಕು ಎಂದು ಆಸೆ ಇರುವವರು ಅಧಿಕಾರದಲ್ಲಿ ಇದ್ದಾಗಿನದಕ್ಕಿಂತ ಬೇಗ ಫೋನ್ ಎತ್ತುತ್ತಾರೆ! ಯಾರು ಬಂದರೂ ಯಾರು ಹೋದರೂ ನಾನು ಇಲ್ಲಿ ಹೇಳುವ ಕೆಲಸದ ದಾರಿ ಅದೇ.

ಇನ್ನೊಂದು, ನಿಮ್ಮ ಮನೆ ಪಾಲಿಕೆಗೆ ಸೇರಿದೆಯೋ ಇಲ್ಲವೋ ಖಾತ್ರಿ ಮಾಡಿಕೊಳ್ಳಿ. ನಗು ಬರಬಹುದು. ಈ ಗುಂಪಿನಲ್ಲೇ "ನಾವು ಮೈಸೂರು ಸಿಟಿ" ಅನ್ನುವ ಅರ್ಧ ಜನ ಕಂದಾಯ ಕಟ್ಟುವುದು ಬೇರೆ ಕಡೆ. ಹೂಟಗಳ್ಳಿಗೆ 2020ರಲ್ಲಿ ಬೇರೆ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಕೆಲವು ಖಾಸಗಿ ಬಡಾವಣೆಗಳನ್ನು ಇನ್ನೂ ಯಾರಿಗೂ ಹಸ್ತಾಂತರ ಮಾಡಿರುವುದಿಲ್ಲ. ಅಲ್ಲಿ ದೀಪ, ಚರಂಡಿ ಎಲ್ಲಾ ಬಡಾವಣೆ ಮಾಡಿದವರ ತಲೆ ಮೇಲೇ ಇರುತ್ತದೆ. ಕಂದಾಯದ ರಸೀದಿ ತೆಗೆದು ನೋಡಿ, ಯಾವ ಕಚೇರಿಗೆ ಕಟ್ಟಿದ್ದೀರೋ ಅವರನ್ನೇ ಕೇಳಬೇಕು.

ಕಾರ್ಪೊರೇಟರ್ ಬಗ್ಗೆ ನಮಗೆ ಒಂದು ತಪ್ಪು ತಿಳುವಳಿಕೆ ಇದೆ. ಅವರ ಮನೆ ಹಿತ್ತಲಲ್ಲಿ ಜೆಸಿಬಿ ನಿಂತಿರುವುದಿಲ್ಲ. ಜೆಇಗೆ (ಪಾಲಿಕೆಯ ಜೂನಿಯರ್ ಎಂಜಿನಿಯರ್) ಸಂಬಳ ಕೊಡುವವರು ಅವರಲ್ಲ, ಅಮಾನತು ಮಾಡುವವರೂ ಅವರಲ್ಲ. ಕೌನ್ಸಿಲ್‌ನಲ್ಲಿ ಮಾತಾಡಬಹುದು, ಓಟು ಹಾಕಬಹುದು. ನಾಲ್ಕು ಸ್ಥಾಯಿ ಸಮಿತಿಗಳಲ್ಲಿ ಒಂದರಲ್ಲಿ ಕೂರಬಹುದು. ವಾರ್ಡಿಗೆ ಇಂಥ ಕೆಲಸ ಬೇಕು ಎಂದು ಎಸ್ಟಿಮೇಟ್ ಹಾಕಿಸಿ, ಅದರ ಹಿಂದೆ ಬೀಳಬಹುದು. ಉಳಿದದ್ದೆಲ್ಲಾ ಫೋನಿನಲ್ಲೇ. ಹೆಲ್ತ್ ಇನ್ಸ್‌ಪೆಕ್ಟರ್, ನೀರು ಬಿಡುವ ವಾಲ್ವ್‌ಮನ್, ಲೈಟಿನವರು, ಜೋರು ನೀರು ಬಿಟ್ಟು ಕಟ್ಟಿದ ಲೈನ್ ಬಿಡಿಸುವ ಜೆಟ್ಟಿಂಗ್ ಮಿಷನ್ ಡ್ರೈವರ್ ಇವರ ನಂಬರುಗಳು ಅವರ ಬಾಯಲ್ಲೇ ಇರುತ್ತವೆ. ನಾವು ವಲಯ ಕಚೇರಿಗೆ ಹೋದರೆ ಮೂರು ಮೇಜು ತಿರುಗಬೇಕು. ಅವರು ಒಂದೇ ಫೋನಿನಲ್ಲಿ ಸರಿಯಾದ ಮೇಜು ಮುಟ್ಟುತ್ತಾರೆ. ಹಾಗಾಗಿ ಅವರ ಹತ್ತಿರ ಹೋಗುವಾಗ "ನಮ್ಮ ರೋಡ್ ಸರಿ ಇಲ್ಲ" ಅಂದರೆ ಅವರೂ "ನೋಡೋಣ" ಅನ್ನುತ್ತಾರೆ, ಅಷ್ಟೇ. ಎಲ್ಲಿ, ಏನು, ಯಾವತ್ತಿನಿಂದ ಎಂದು ಹೇಳಿದರೆ ಅಲ್ಲೇ ನಿಂತು ಫೋನ್ ತೆಗೆಯುತ್ತಾರೆ.

ಚರಂಡಿ ವಿಷಯಕ್ಕೆ ಬರೋಣ. ನನ್ನ ಮರ್ಯಾದೆ ಹೋದ ಕಥೆ ಹೇಳಲೇಬೇಕು.

ಒಂದು ಅಕ್ಟೋಬರ್, ರಾತ್ರಿ ಇಡೀ ಮಳೆ. ನಮ್ಮದು ಇಳಿಜಾರು ರಸ್ತೆ. ಕೊನೆ ಮನೆಯವರ ನೀರಿನ ಸಂಪಿನೊಳಗೆ ಚರಂಡಿ ನೀರು ನುಗ್ಗಿತು. ಎರಡು ದಿನದಲ್ಲಿ ಕಾರ್ಪೊರೇಟರ್‌ಗೆ ಹನ್ನೊಂದು ಸಲ ಫೋನ್ ಮಾಡಿದೆ, ಎರಡು ಸಲ ದನಿ ಏರಿಸಿದೆ. ಮೂರನೇ ದಿನ ಬೆಳಗ್ಗೆ ಆರೂಕಾಲಿಗೆ ಸ್ಕೂಟರಿನಲ್ಲಿ ಬಂದರು. ಹಿಂದೆ ಹೆಲ್ತ್ ಇನ್ಸ್‌ಪೆಕ್ಟರ್, ಇಬ್ಬರು ಪೌರಕಾರ್ಮಿಕರು. ನೀರು ನುಗ್ಗಿದ ಮನೆಗೆ ಹೋಗುತ್ತಾರೆ ಅಂದುಕೊಂಡೆ. ಇಲ್ಲ. ರಸ್ತೆಯ ತಗ್ಗಿನಿಂದ ಮೇಲಕ್ಕೆ ಒಂದೊಂದೇ ಚಪ್ಪಡಿಯನ್ನು ಕಾಲಲ್ಲಿ ಗುದ್ದುತ್ತಾ ಬಂದರು. ಖಾಲಿ ಇದ್ದ ಕಡೆ ಢಣ್ ಅನ್ನುತ್ತಿತ್ತು. ನಮ್ಮ ಮನೆಯಿಂದ ಎರಡು ಚಪ್ಪಡಿ ಕೆಳಗೆ ದಬ್ ಅಂದಿತು. "ಇಲ್ಲೇ ಎತ್ತಿ" ಅಂದರು.

ಹಾರೆ ಹಾಕಿ ಎತ್ತಿದರೆ ಒಳಗೆ ಕಪ್ಪು ಮಣ್ಣು, ಮೊಳಕಾಲುದ್ದ. ಎಳನೀರು ಬುರುಡೆ ಎರಡು, ಎದುರು ಮನೆ ಕಟ್ಟುತ್ತಿದ್ದವರ ಎಂ ಸ್ಯಾಂಡ್ ಒಂದು ಪದರ. ಅದರ ಮೇಲೆ ನಾರು ನಾರಾಗಿ ಏನೋ, ನಡುವೆ ಬಿಳಿ ಬಿಳಿ ಕಾಳು. ಪೌರಕಾರ್ಮಿಕ ಹೆಣ್ಣುಮಗಳು ಕಡ್ಡಿಯಲ್ಲಿ ಕೆದಕಿ "ಇದೇನ್ ಸಾರ್, ಅನ್ನದ ಅಗುಳಾ?" ಎಂದಳು. ನನಗೆ ನೋಡಿದ ತಕ್ಷಣ ಗೊತ್ತಾಯಿತು. ಪರ್ಲೈಟ್, ಕುಂಡದ ಮಣ್ಣು ಹಗುರ ಆಗಲಿ ಎಂದು ಬೆರೆಸುವುದು. ನಾರು, ನನ್ನದೇ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ತಾರಸಿ ಮೇಲೆ ನೂರನಲವತ್ತು ಕುಂಡ, ಮಳೆ ಪೈಪು ನೇರ ಚರಂಡಿಗೆ. ಮೂರು ವರ್ಷ ಸೋರಿದ ಮಣ್ಣು ಅದು. ಕಾರ್ಪೊರೇಟರ್ ತಲೆ ಎತ್ತಿ ತಾರಸಿ ನೋಡಿದರು. ಪೈಪು ನೋಡಿದರು. "ಬದನೆಕಾಯಿ ಚೆನ್ನಾಗಿ ಬಿಟ್ಟಿದೆ ಸಾರ್" ಅಂದರು. ಬೇರೇನೂ ಅನ್ನಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿಸಿದೆ.

ಅದಕ್ಕೇ ಹೇಳುತ್ತಿರುವುದು, ಈ ಗುಂಪಿನಲ್ಲಿ ಇರುವವರೆಲ್ಲಾ ಮೊದಲು ನಮ್ಮ ಪೈಪಿನ ಬಾಯಿ ನೋಡಿಕೊಳ್ಳೋಣ. ನಾನು ಮಾಡಿರುವುದು ಇಷ್ಟು. ತಾರಸಿಯಲ್ಲಿ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಎರಡು ಮಡಿಕೆ, ಅದರ ಸುತ್ತ ಒಂದು ಬೊಗಸೆ ಜಲ್ಲಿ. ಕೆಳಗೆ ಪೈಪು ಇಳಿಯುವ ಕಡೆ ಇಪ್ಪತ್ತು ಲೀಟರಿನ ಹಳೇ ಪೇಂಟ್ ಬಕೆಟ್. ನೀರು ಬಕೆಟ್ಟಿಗೆ ಬೀಳುತ್ತದೆ, ಮಣ್ಣು ತಳದಲ್ಲಿ ಕೂರುತ್ತದೆ, ಮೇಲಿನಿಂದ ನಾಲ್ಕು ಬೆರಳು ಕೆಳಗೆ ಕೊರೆದ ತೂತಿನಿಂದ ತಿಳಿನೀರು ಹೊರಗೆ ಹೋಗುತ್ತದೆ. ತೂತು ಪೈಪಿನಷ್ಟೇ ಅಗಲ ಇರಲಿ, ಇಲ್ಲದಿದ್ದರೆ ಜೋರು ಮಳೆಗೆ ಬಕೆಟ್ ತುಂಬಿ ಚೆಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳಿಗೆ ಒಂದು ಸಲ ಬಕೆಟ್ ಕವುಚಿದರೆ ಅರ್ಧ ಬುಟ್ಟಿ ಒಳ್ಳೇ ಮಣ್ಣು ವಾಪಸ್ ಸಿಗುತ್ತದೆ. ಬಿಸಾಕಬೇಡಿ, ಮತ್ತೆ ಕುಂಡಕ್ಕೇ ಹಾಕಿ.

ಹೂಳು ತೆಗೆದಾಗ ರಸ್ತೆ ಬದಿ ಸುರಿದು ಹೋಗುತ್ತಾರೆ ಎಂದು ಎಲ್ಲರೂ ಬೈಯುತ್ತಾರೆ. ಹಸಿ ಇದ್ದಾಗ ಗಾಡಿಗೆ ತುಂಬಿದರೆ ರಸ್ತೆಯುದ್ದ ಸೋರುತ್ತದೆ, ಒಂದೆರಡು ದಿನ ಆರಲೇಬೇಕು. ಆದರೆ ಅಷ್ಟರಲ್ಲಿ ಮಳೆ ಬಂದರೆ ತೆಗೆದದ್ದು ಪುನಃ ಒಳಗೇ. ಆದ್ದರಿಂದ ಕೆಲಸ ಮುಗಿಯುತ್ತಿದ್ದ ಹಾಗೆ "ಎತ್ತೋದು ಯಾವತ್ತು" ಎಂದು ದಿನ ಕೇಳಿಕೊಳ್ಳಿ. ಆ ದಿನ ಬೆಳಗ್ಗೆ ಒಂದು ಫೋನ್ ಹಾಕಿ.

ಚರಂಡಿ ಬೇರೆ, ಯುಜಿಡಿ ಅಂದರೆ ನೆಲದೊಳಗಿನ ಒಳಚರಂಡಿ ಬೇರೆ. ಇದನ್ನು ಕಲಸಿ ಹೇಳಿದರೆ ನಿಮ್ಮ ದೂರು ತಪ್ಪು ಮೇಜಿಗೆ ಹೋಗಿ ಕೂರುತ್ತದೆ. ಮಳೆನೀರಿನ ಚರಂಡಿ ಕೊನೆಗೆ ಯಾವುದೋ ಕೆರೆಗೋ ಹಳ್ಳಕ್ಕೋ ಸೇರುತ್ತದೆ. ಬಚ್ಚಲು, ಕಕ್ಕಸಿನ ನೀರು ಯುಜಿಡಿಯಲ್ಲಿ ಹೋಗಿ ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆ ಕಡೆಯ ಶುದ್ಧೀಕರಣ ಘಟಕ ಸೇರಬೇಕು. ಕೆಲವರು ತಾರಸಿ ಪೈಪನ್ನು ಯುಜಿಡಿ ಚೇಂಬರಿಗೆ ಕೊಟ್ಟಿರುತ್ತಾರೆ. ಮಳೆ ಬಂದಾಗ ಆ ಲೈನು ತುಂಬಿ, ತಗ್ಗಿನಲ್ಲಿರುವ ಮನೆಯ ಬಚ್ಚಲಲ್ಲಿ ಕೊಳಕು ನೀರು ಮೇಲೆ ಬರುತ್ತದೆ. ನಿಮ್ಮದು ಹಾಗಿದ್ದರೆ ಇವತ್ತೇ ಬಿಡಿಸಿ. ಮ್ಯಾನ್‌ಹೋಲ್ ಉಕ್ಕುತ್ತಿದ್ದರೆ ಜೆಟ್ಟಿಂಗ್ ಮಿಷನ್ ಕೇಳಿ. "ಐನೂರು ಕೊಡಿ, ಇಳಿದು ಕ್ಲೀನ್ ಮಾಡ್ತೀನಿ" ಎಂದು ಯಾರಾದರೂ ಬಂದರೆ ಖಂಡಿತ ಒಪ್ಪಬೇಡಿ. ಒಳಗಿನ ಗಾಳಿಗೆ ಆಳು ಎರಡು ನಿಮಿಷ ಉಳಿಯುವುದಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಇಳಿಸಿದವರು ಜೈಲಿಗೆ ಹೋಗಬೇಕಾಗಬಹುದು.

ಎಲೆ ಸುಡುವುದು. ಇದಂತೂ ನಮ್ಮ ಗುಂಪಿನವರಿಗೆ ಸಂಕಟ, ಅಲ್ವಾ? ನಾವು ದುಡ್ಡು ಕೊಟ್ಟು ಗೊಬ್ಬರ ತರುತ್ತೇವೆ, ಬೀದಿಯಲ್ಲಿ ಗೊಬ್ಬರ ಉರಿಯುತ್ತಿರುತ್ತದೆ. ಘನತ್ಯಾಜ್ಯ ನಿಯಮದಲ್ಲೇ ಕಸ ಸುಡಬಾರದು ಎಂದಿದೆ. ಆದರೆ ನಿಯಮ ಹಿಡಿದುಕೊಂಡು ಪೌರಕಾರ್ಮಿಕರ ಮೇಲೆ ಹೋಗಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ರಸ್ತೆ ಗುಡಿಸಿದರೆ ಹತ್ತು ಚೀಲ ಎಲೆ ಆಗುತ್ತದೆ. ಕಸದ ಆಟೋದಲ್ಲಿ ಜಾಗ ಇರುವುದಿಲ್ಲ. ಇನ್ನೇನು ಮಾಡುತ್ತಾರೆ? 2015, 2016ರಲ್ಲಿ ದೇಶದಲ್ಲೇ ಸ್ವಚ್ಛ ನಗರ ಎಂದು ಮೈಸೂರಿಗೆ ಮೊದಲ ಸ್ಥಾನ ಬಂದಿದ್ದು ಈ ಜನರ ಪೊರಕೆಯಿಂದ.

ನಾವು ಮಾಡಿದ್ದು ಹೀಗೆ. ಪಾರ್ಕಿನ ಒಂದು ಮೂಲೆ ಕೊಡಿ ಎಂದು ಸಂಘದಿಂದ ಕಾಗದ ಬರೆದೆವು. ಕಾರ್ಪೊರೇಟರ್ ತೋಟಗಾರಿಕೆ ವಿಭಾಗಕ್ಕೆ ಹೇಳಿಸಿ ಒಪ್ಪಿಸಿದರು. ಅವರಿಗೂ ಖರ್ಚಿಲ್ಲದ ಕೆಲಸ, ಒಪ್ಪಿಸುವುದು ಸುಲಭ ಆಯಿತು. ನಾಲ್ಕಡಿ ಎತ್ತರದ ತಂತಿ ಜಾಲರಿ ಹದಿಮೂರು ಅಡಿ ತಂದು ಸುತ್ತಿಸಿ ಕಟ್ಟಿದರೆ ನಾಲ್ಕಡಿ ಅಗಲದ ಗೂಡು. ಒಂದಡಿ ಎಲೆ, ಅದರ ಮೇಲೆ ಸಗಣಿ ಬಗ್ಗಡ, ಒಂದು ಹಿಡಿ ಮಣ್ಣು. ಮತ್ತೆ ಎಲೆ. ಕೈಯಲ್ಲಿ ಹಿಂಡಿದರೆ ಒದ್ದೆ ಅನ್ನಿಸಬೇಕು, ನೀರು ತೊಟ್ಟಿಕ್ಕಬಾರದು. ಮಳೆಮರದ ಸಣ್ಣ ಎಲೆ, ಹೊಂಗೆ ಎಲೆ ಬೇಗ ಕರಗುತ್ತವೆ. ಮಾವು, ಹಲಸು, ಮಹಾಗನಿ ಹಟಮಾರಿಗಳು, ಅವನ್ನು ತುಳಿದು ಪುಡಿ ಮಾಡಿ ಹಾಕಿ. ನಾಲ್ಕು ತಿಂಗಳಿಗೆ ಗೂಡಿನ ಕಾಲು ಭಾಗ ಉಳಿಯುತ್ತದೆ, ಕಾಫಿ ಪುಡಿ ತರಹ. ಪೌರಕಾರ್ಮಿಕರೇ ಈಗ ಗುಡಿಸಿದ ಎಲೆ ತಂದು ಗೂಡಿಗೆ ಸುರಿಯುತ್ತಾರೆ, ಹೊತ್ತುಕೊಂಡು ಹೋಗುವ ಕೆಲಸ ಉಳಿಯಿತಲ್ಲ. ಇನ್ನೂ ದೊಡ್ಡ ಮಟ್ಟದಲ್ಲಿ ಯೋಚನೆ ಮಾಡುವವರು ಕುಂಬಾರಕೊಪ್ಪಲಿನ ಕಸ ವಿಂಗಡಣೆ ಘಟಕದ ಬಗ್ಗೆ ವಿಚಾರಿಸಿ. ಹೊರಗಿನ ಊರಿನವರೆಲ್ಲಾ ಬಂದು ನೋಡಿ ಹೋದ ಜಾಗ ಅದು.

ಬೀದಿದೀಪ ಇರುವುದರಲ್ಲೇ ಸುಲಭ. ಕಂಬದ ನಂಬರ್ ಬರೆದುಕೊಡಿ, ಮುಗಿಯಿತು. ನಂಬರ್ ಅಳಿಸಿ ಹೋಗಿದ್ದರೆ ಕಂಬದ ಎದುರಿನ ಮನೆ ನಂಬರ್ ಹೇಳಿ. ತಂತಿ ಜೋತು ಬಿದ್ದಿದ್ದರೆ, ಕಿಡಿ ಹಾರುತ್ತಿದ್ದರೆ ಮಾತ್ರ ಕಾರ್ಪೊರೇಟರ್ ಬೇಡ, ನೇರವಾಗಿ ವಿದ್ಯುತ್ ಕಂಪನಿ ಚೆಸ್ಕಾಂನ 1912ಕ್ಕೆ.

ಖಾಲಿ ಸೈಟು ಸ್ವಲ್ಪ ತಲೆನೋವು. ಅದು ಖಾಸಗಿ ಜಾಗ, ಪಾಲಿಕೆಯವರೂ ಸುಮ್ಮನೆ ನುಗ್ಗುವುದಿಲ್ಲ, ಮಾಲೀಕರಿಗೆ ನೋಟಿಸ್ ಹೋಗಬೇಕು. ಮಾಲೀಕರು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಸೈಟ್ ನಂಬರ್ ಕೊಟ್ಟು ಅರ್ಜಿ ಹಾಕಿ, ಜೊತೆಗೆ ಮಾಲೀಕರ ಫೋನ್ ಯಾರ ಹತ್ತಿರ ಇದೆ ಎಂದು ಬೀದಿಯಲ್ಲಿ ವಿಚಾರಿಸಿ. ಎರಡನೆಯದೇ ಜಾಸ್ತಿ ಕೆಲಸ ಮಾಡುತ್ತದೆ. ಕಾಂಗ್ರೆಸ್ ಗಿಡ ಹೂ ಬಿಡುವ ಮುಂಚೆ ಕೀಳಿಸಬೇಕು, ಕೈಗವಸು ಇಲ್ಲದೆ ಮುಟ್ಟಬೇಡಿ. ಅಲ್ಲಿ ಮರ ಇದ್ದರೆ ಅದನ್ನು ಕಡಿಸುವ ಮಾತು ಬೇಡ. 1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿ ಅನುಮತಿ ಬೇಕು. "ಕಡಿಸ್ಕೊಳ್ಳಿ, ನಾನು ನೋಡ್ಕೋತೀನಿ" ಎಂದು ಯಾವ ಕಾರ್ಪೊರೇಟರ್ ಬಾಯಿಮಾತಿನಲ್ಲಿ ಹೇಳಿದರೂ ಅದು ನಡೆಯುವುದಿಲ್ಲ, ಕೇಸು ಬೀಳುವುದು ನಿಮ್ಮ ಮೇಲೆ.

ಹೇಗೆ ಕೇಳಬೇಕು ಅನ್ನುವುದಕ್ಕೆ ನನ್ನ ಅಭ್ಯಾಸ ಹೇಳುತ್ತೇನೆ. ನಾಲ್ಕೂ ದೂರು ಒಂದೇ ಕಾಗದದಲ್ಲಿ ಬರೆಯಬೇಡಿ. ಆ ಕಾಗದ ಮೊದಲನೇ ಮೇಜಿನಲ್ಲೇ ನಿಲ್ಲುತ್ತದೆ, ಉಳಿದ ಮೂವರಿಗೆ ಗೊತ್ತೇ ಆಗುವುದಿಲ್ಲ. ನಾಲ್ಕು ಕಾಗದ ಬರೆಯಿರಿ, ಒಂದೊಂದರಲ್ಲಿ ಐದಾರು ಸಾಲು ಸಾಕು. ಬೀದಿಯವರು ಹತ್ತು ಜನ ಸಹಿ ಹಾಕಿದರೆ ಒಳ್ಳೆಯದು. ವಲಯ ಕಚೇರಿಯಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಆ ಸೀಲಿನ ಫೋಟೊ ಕಾರ್ಪೊರೇಟರ್‌ಗೆ ವಾಟ್ಸಾಪ್ ಮಾಡಿ. ಅವರಿಗೂ ಅಧಿಕಾರಿಯನ್ನು ಕೇಳುವುದಕ್ಕೆ ಕೈಯಲ್ಲಿ ಏನಾದರೂ ಬೇಕಲ್ಲ. ಫೋನ್ ಮಾಡುವುದಾದರೆ ಬೆಳಗ್ಗೆ ಏಳರ ಒಳಗೆ. ಆಮೇಲೆ ಮದುವೆ, ಸಾವು, ಮೀಟಿಂಗು, ಅವರೂ ಸಿಗುವುದಿಲ್ಲ. ಕೆಲಸ ಆದ ಮೇಲೆ "ಆಯ್ತು" ಎಂದು ಒಂದು ಫೋಟೊ ಕಳಿಸಿ. ನೂರಕ್ಕೆ ತೊಂಬತ್ತು ಜನ ಇದನ್ನು ಮಾಡುವುದಿಲ್ಲ. ಅದಕ್ಕೇ ಮಾಡಿದವರ ನಂಬರ್ ಅವರಿಗೆ ನೆನಪಿರುತ್ತದೆ.

ಏನೂ ಆಗದಿದ್ದರೆ ಸರ್ಕಾರದ 1902ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ಅದೂ ಆಗದಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ, 30 ದಿನದಲ್ಲಿ ಉತ್ತರ ಕೊಡಬೇಕು. "ಯಾಕೆ ಮಾಡಿಲ್ಲ" ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. "ನಮ್ಮ ರಸ್ತೆಯ ಚರಂಡಿ ಹೂಳು ತೆಗೆದ ಬಿಲ್ಲು ಮತ್ತು ಅಳತೆ ಪುಸ್ತಕದ ಪ್ರತಿ ಕೊಡಿ" ಎಂದು ಕೇಳಿ. ನಾನು ಒಂದೇ ಸಲ ಹಾಕಿದ್ದು. ಉತ್ತರ ಬರುವ ಮುಂಚೆ ಕೆಲಸದವರು ಬಂದಿದ್ದರು.

ಮೇಡಂ, ಭಾನುವಾರ ಬೆಳಗ್ಗೆ ನಮ್ಮ ಪಾರ್ಕಿನ ಗೂಡು ಬಿಚ್ಚುತ್ತಿದ್ದೇವೆ. ಚೀಲ ತಂದರೆ ಒಂದು ಚೀಲ ಎಲೆಗೊಬ್ಬರ ನಿಮಗೆ, ಜಾಲರಿ ಎಲ್ಲಿ ಸಿಗುತ್ತದೆ ಅದೂ ಹೇಳುತ್ತೇನೆ. ಅಷ್ಟರಲ್ಲಿ ಚರಂಡಿ ಕಲ್ಲು ಎತ್ತಿಸಿದರೆ ಒಳಗಿನ ಮಣ್ಣಿನ ಫೋಟೊ ಇಲ್ಲೇ ಹಾಕಿ. ಬಿಳಿ ಕಾಳು ಕಂಡರೆ ಮಾತ್ರ ಗುಂಪಿನಲ್ಲಿ ಬೇಡ, ನನಗೊಬ್ಬನಿಗೇ ಕಳಿಸಿ.