ಕೂಲಿ ಏರಿದರೂ ಬಡವರ ಲೆಕ್ಕ ಯಾಕೆ?

ಚಳ್ಳಕೆರೆ ಕಡೆ ಕೂಲಿ ಏರಿದೆ, ಆದರೂ ಬಡವರ ಲೆಕ್ಕ ಯಾಕೆ ಬೇರೆ ಬರುತ್ತದೆ ಅಂತ ಕೇಳಿದ್ದೀರಿ. ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ ಕೂಲಿಯನ್ನ ನೋಡುವುದೇ ಇಲ್ಲ ಸರ್. ಆರೋಗ್ಯ, ಶಿಕ್ಷಣ, ಜೀವನಮಟ್ಟ, ಒಟ್ಟು 12 ಅಂಶ. ಒಂದೊಂದು ಕೊರತೆಗೂ ಒಟ್ಟು ಅಂಕದಲ್ಲಿ ಒಂದು ಪಾಲು ಇದೆ: ಮನೆಯಲ್ಲಿ ಒಬ್ಬರಿಗೆ ಅಪೌಷ್ಟಿಕತೆ ಇದ್ದರೆ ಆರರಲ್ಲಿ ಒಂದು ಪಾಲು, ಮಗು ಶಾಲೆ ಬಿಟ್ಟಿದ್ದರೆ ಅಷ್ಟೇ ಇನ್ನೊಂದು ಪಾಲು, ಇವೆರಡೇ ಸೇರಿದರೂ ಮೂರರಲ್ಲಿ ಒಂದು ಭಾಗ ಆಯ್ತು, ಅಷ್ಟಕ್ಕೇ ಆ ಮನೆ ಬಡವರ ಲೆಕ್ಕಕ್ಕೆ ಬರುತ್ತದೆ. ಇದೇ ಸರಿ ಅಂತೀನಿ ನಾನು. ಆದರೆ ನಮ್ಮ ಚಿತ್ರದುರ್ಗಕ್ಕೆ ಇದು ಸಾಲದು. ಬೋರ್‌ವೆಲ್ ನೀರು ಹತ್ತಿರದಲ್ಲೇ ಸಿಕ್ಕರೆ ನೀರಿನ ಕೊರತೆ ಇಲ್ಲ ಅಂತ ಬರೆದುಕೊಳ್ಳುತ್ತಾರೆ, ಅದರಲ್ಲಿ ಫ್ಲೋರೈಡ್, ಅಂದರೆ ಜಾಸ್ತಿಯಾದರೆ ಹಲ್ಲು ಕೆಡಿಸುವ ಲವಣ, ಎಷ್ಟಿದೆ ಅಂತ ನೋಡುವುದಿಲ್ಲ. ಹಲ್ಲು ಕಂದಿದ ಮಕ್ಕಳ ಊರಿಗೆ ಇದು ಅನ್ಯಾಯ. ಬಡತನದ ಆ ಅಂಕಿ ನೋಡುವಾಗ ನಿಮ್ಮ ಪಂಚಾಯಿತಿಯಲ್ಲಿ ನೀರಿನ ಪರೀಕ್ಷೆ ವರದಿಯನ್ನೂ ಕೇಳಿ.