ಓಟಿ ಅಂದ್ರೆ ಆಪರೇಷನ್ ಥಿಯೇಟರ್ ಅಲ್ಲ

ಪ್ರಶ್ನೆ: ನಾನು ಆಕ್ಯುಪೇಷನಲ್ ಥೆರಪಿ (ಓಟಿ – ಕಾಯಿಲೆ, ವಯಸ್ಸು, ಅಂಗವೈಕಲ್ಯದಿಂದ ಕಷ್ಟವಾದ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಓದಿ, ಎರಡು ವರ್ಷದಿಂದ ಮಕ್ಕಳ ಥೆರಪಿ ಸೆಂಟರ್ ಒಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಸೆಂಟರ್, ಆಸ್ಪತ್ರೆ ಬಿಟ್ಟು ವಯಸ್ಸಾದವರ ಮನೆಗಳಲ್ಲಿ, ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವ ಆಸೆ. ‘ಬರೋ ಸಂಬಳ ಬಿಟ್ಟು ಇದೇನು ಹುಚ್ಚು’ ಎನ್ನುತ್ತಾರೆ ಅಪ್ಪ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ನಮ್ಮಪ್ಪ ಇವತ್ತಿಗೂ ನೆಂಟರ ಹತ್ತಿರ ‘ಮಗಳು ಓಟಿ’ ಎನ್ನುತ್ತಾರೆ. ಕೇಳಿದ ನೆಂಟರು ಆಪರೇಷನ್ ಥಿಯೇಟರ್ ಅಂದುಕೊಂಡು ತಲೆಯಾಡಿಸುತ್ತಾರೆ. ಹಾಗಂತ ಇದೇನು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಕಮಲಾ ನಿಂಬಕರ್ ಎಂಬವರು ಮುಂಬೈನಲ್ಲಿ ಇದರ ಶಾಲೆ ತೆರೆದದ್ದು 1950ರಲ್ಲಿ. 2021ರಲ್ಲಿ ಬಂದ ಕೇಂದ್ರದ ಕಾಯ್ದೆಯಲ್ಲೂ ನಮ್ಮ ವೃತ್ತಿಯ ಹೆಸರಿದೆ. ಅಪ್ಪನಿಗೆ ಇಷ್ಟು ಹೇಳಿ.

ನಾನು ಆಸ್ಪತ್ರೆ ಬಿಟ್ಟು ಮನೆಗಳಿಗೆ ಹೋಗಲು ಶುರು ಮಾಡಿದಾಗ ಮೊದಲ ತಪ್ಪು ಆದದ್ದು ಹೊಸ್ತಿಲ ಹತ್ತಿರ. ಅಜ್ಜನಿಗೆ ವೀಲ್‌ಚೇರ್ ಬಂದಿತ್ತು, ನಡುಮನೆಯಿಂದ ಜಗಲಿಗೆ ಬರಲು ಆಗುತ್ತಿರಲಿಲ್ಲ. ‘ಹೊಸ್ತಿಲು ತೆಗೆಸಿಬಿಡಿ’ ಎಂದೆ. ಅಜ್ಜಿ ಕಾಫಿ ಲೋಟ ಕೆಳಗಿಟ್ಟು, ‘ಹೊಸ್ತಿಲು ತೆಗೆದ ಮನೇಲಿ ಲಕ್ಷ್ಮಿ ಎಲ್ಲಿ ಕಾಲಿಡ್ತಾಳಮ್ಮ?’ ಎಂದರು. ನಾನು ಸುಮ್ಮನಾದೆ.

ಆಮೇಲೆ ಬಡಗಿಯನ್ನು ಕರೆಸಿ ಇಳಿಜಾರು ಹಲಗೆ ಮಾಡಿಸಿದೆವು. ಲೆಕ್ಕ ನಿಮಗೆ ಗೊತ್ತೇ ಇದೆ, ಒಂದಿಂಚು ಎತ್ತರಕ್ಕೆ ಹನ್ನೆರಡಿಂಚು ಉದ್ದ. ಎರಡಿಂಚಿನ ಹೊಸ್ತಿಲಿಗೆ ಆ ಕಡೆ ಎರಡಡಿ, ಈ ಕಡೆ ಎರಡಡಿ. ಅಜ್ಜಿಗೆ ಇನ್ನೂ ಸಮಾಧಾನವಿಲ್ಲ, ‘ಚಕ್ರ ಹೊಸ್ತಿಲು ತುಳಿಯುತ್ತಲ್ಲಾ?’ ಸರಿ, ಮೇಲೆ ತಗಡಿನ ಪಟ್ಟಿಯೊಂದು ಬಂತು. ಶುಕ್ರವಾರ ಬೆಳಿಗ್ಗೆ ಎಲ್ಲ ಎತ್ತಿಟ್ಟು, ಅರಿಶಿನ ಕುಂಕುಮ ಹಚ್ಚಿ, ರಂಗೋಲಿ ಎಳೆದು, ಅಜ್ಜ ಪೇಪರ್ ಓದಲು ಜಗಲಿಗೆ ಬರುವಷ್ಟರಲ್ಲಿ ಮತ್ತೆ ಜೋಡಿಸುತ್ತಾರೆ. ಕ್ಲಾಸಿನಲ್ಲಿ ಇಳಿಜಾರಿನ ಲೆಕ್ಕ ಕಲಿಸಿದ್ದರು, ಶುಕ್ರವಾರದ ಲೆಕ್ಕ ಕಲಿಸಿರಲಿಲ್ಲ.

ಅದಾದ ಮೇಲೆ ನಾನು ಯಾರ ಮನೆಗೆ ಹೋದರೂ ಮೊದಲು ಕೂತು ನೋಡುತ್ತೇನೆ. ಏಳುವಾಗ ಏನು ಹಿಡಿಯುತ್ತಾರೆ? ಬಚ್ಚಲಲ್ಲಿ ಟವೆಲ್ ರಾಡ್ ಹಿಡಿದು ಏಳುವವರೇ ಜಾಸ್ತಿ. ಅದು ಕಿತ್ತು ಬಂದ ದಿನವೇ ಸೊಂಟ ಮುರಿಯುವುದು. ಸ್ಟ್ರೋಕ್ ಆಗಿ ಎಡಗೈ ಸೋತ ಒಬ್ಬರು ‘ನಡೆಯೋದು ಆಮೇಲೆ, ಹುಳಿಗೆ ನಾನೇ ತರಕಾರಿ ಹೆಚ್ಚಬೇಕು’ ಎಂದರು. ಈಳಿಗೆಮಣೆಗೆ ಎರಡು ಕೈ ಬೇಕು. ಮರದ ಹಲಗೆಯ ಕೆಳಗಿನಿಂದ ಎರಡು ಸ್ಟೀಲ್ ಮೊಳೆ ಹೊಡೆಸಿ, ಮೇಲೆ ಬಂದ ತುದಿಗೆ ಬದನೆಕಾಯಿ ಚುಚ್ಚಿ ನಿಲ್ಲಿಸಿದೆವು. ಬಲಗೈಯಲ್ಲಿ ಚಾಕು. ಹೋಳು ದಪ್ಪ ಬಂತು ಅಂತ ಅವರಿಗೆ ಬೇಜಾರು ಬೇರೆ!

ಫ್ಯಾಕ್ಟರಿ ಕೆಲಸ ಕಷ್ಟ. ಒಂದು ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಬಗ್ಗಿ ನಿಂತು ದಾರ ಕತ್ತರಿಸುವ ಹೆಂಗಸರ ಮೇಜಿನ ಕಾಲಿಗೆ ಮರದ ತುಂಡು ಕೊಡಿ, ಎತ್ತರಿಸಿ ಎಂದೆ. ‘ಪೀಸ್ ಜಾಸ್ತಿ ಬರುತ್ತಾ?’ ಎಂದು ಕೇಳಿದರು ಮ್ಯಾನೇಜರ್. ಅಂಥವರಿಗೆ ಉತ್ತರ ಸಿದ್ಧ ಮಾಡಿಕೊಂಡೇ ಹೋಗಿ.

ಕೆಲಸ ಈಗಲೇ ಬಿಡಬೇಡಿ. ಭಾನುವಾರ ಒಂದೊಂದು ಮನೆ ನೋಡಿ. ದೊಡ್ಡವರ ವಾರ್ಡಿನಲ್ಲಿ ಸ್ವಲ್ಪ ಕಾಲ ಕಳೆಯದೆ ಈ ಕೆಲಸಕ್ಕೆ ಇಳಿದರೆ ಕಷ್ಟ, ಮಕ್ಕಳ ಕೈ ಬೇರೆ, ಎಪ್ಪತ್ತರವರ ಕೈ ಬೇರೆ. ಫೀಸು ಫೋನಿನಲ್ಲೇ ಹೇಳಿಬಿಡಿ. ಇಲ್ಲದಿದ್ದರೆ ‘ಸುಮ್ನೆ ನೋಡಿ ಹೋಗೋಕೂ ದುಡ್ಡಾ?’ ಎನ್ನುತ್ತಾರೆ. ಹಿಡಿಕಂಬಿ ಮಾರುವ ಅಂಗಡಿಯಿಂದ ಕಮಿಷನ್ ಮಾತ್ರ ಬೇಡ. ಅಳತೆ, ಚಿತ್ರ ಎಲ್ಲ ಕನ್ನಡದಲ್ಲೇ ಬರೆದು ಕೊಡಿ, ಅದನ್ನು ಓದಬೇಕಾದವನು ಬಡಗಿ ಅಲ್ವಾ? ಮತ್ತೆ, ಟೇಪು ಮೂರು ಮೀಟರಿನದು ಸಾಲದು. ಐದು ಮೀಟರಿನದೇ ತಗೊಳ್ಳಿ.